ಮೂಲೆಯಲ್ಲಿ ನಿಂತ ಬ್ರಷ್ಷು

ಮೊದಲ ಸಲ ಆನ್‌ಸೈಟ್ ಕೆಲಸಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಚಿಕ್ಕ ಕುಕ್ಕರ್‌ಗಳ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಮಗ್ಗೂ ಇರುತ್ತದೆ. ಇಡಲು ಹೇಳಿದವರು ಮೊದಲೇ ಹೋಗಿಬಂದ ಸಹೋದ್ಯೋಗಿಗಳು. ಮರೆತು ಹೋದವರು ಅಲ್ಲಿನ ಅಂಗಡಿಯಲ್ಲಿ ಹೂಕುಂಡಕ್ಕೆ ನೀರು ಹಾಕುವ ಉದ್ದ ಮೂತಿಯ ಕ್ಯಾನು ಕೊಳ್ಳುತ್ತಾರೆ. ಒಂದೇ ಒಂದು ಗಿಡವಿಲ್ಲದ ಮನೆಯ ಬಾತ್‌ರೂಮಿನಲ್ಲಿ ಅಂಥ ಕ್ಯಾನು ಕಂಡರೆ ಅಲ್ಲಿ ನಮ್ಮ ಕಡೆಯವರೋ ಪಾಕಿಸ್ತಾನದವರೋ ಬಾಂಗ್ಲಾದವರೋ ಇದ್ದಾರೆ ಎಂದೇ ಲೆಕ್ಕ. ಶನಿವಾರದ ಊಟಕ್ಕೆ ನಾಲ್ಕು ಕನ್ನಡದ ಸಂಸಾರಗಳು ಸೇರಿದರೆ ಮಾತು ವೀಸಾ, ಮಕ್ಕಳ ಶಾಲೆ, ಊರಿನ ಸೈಟಿನ ರೇಟು ಎಲ್ಲ ಸುತ್ತಿ ಒಮ್ಮೆಯಾದರೂ ಇಲ್ಲಿಗೆ ಬಂದು ನಿಲ್ಲುತ್ತದೆ: "ಎಷ್ಟು ಮುಂದುವರಿದ್ರೇನು, ಇವ್ರು ತೊಳ್ಕೊಳ್ಳಲ್ವಲ್ರೀ!" ಎಲ್ಲರೂ ನಗುತ್ತಾರೆ. ರಸ್ತೆ, ರೈಲು, ಆಸ್ಪತ್ರೆ ಎಲ್ಲದರಲ್ಲೂ ಸೋತು ಕೂತವರಿಗೆ ಇದೊಂದರಲ್ಲಾದರೂ ಗೆದ್ದೆವೆಂಬ ಸಮಾಧಾನ ಆ ನಗುವಿನಲ್ಲಿ ಇರುತ್ತದೆ.

ಈ ಗೆಲುವು ಹುಸಿ. ನೀರು ಮೇಲೋ ಕಾಗದ ಮೇಲೋ ಎಂದರೆ ನಾನೂ ನೀರಿನ ಕಡೆಯೇ. ಆದರೆ ಅದು ಶೌಚಾಲಯದ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಅತಿ ಸಣ್ಣದು. ಅದನ್ನೇ ಹಿಡಿದುಕೊಂಡು ಕೂತಿರುವುದರಿಂದ ಪರದೇಶ ನಮ್ಮ ಕಣ್ಣೆದುರಿಗೇ ಇಟ್ಟಿರುವ ದೊಡ್ಡ ಪ್ರಶ್ನೆಯಿಂದ ಸಲೀಸಾಗಿ ತಪ್ಪಿಸಿಕೊಳ್ಳುತ್ತಿದ್ದೇವೆ.

ಮೊದಲನೆಯದಾಗಿ, ಪೂರ್ವದವರು ತೊಳೆಯುತ್ತಾರೆ ಪಶ್ಚಿಮದವರು ಒರೆಸುತ್ತಾರೆ ಎಂಬ ಮಾತಿಗೆ ಭೂಪಟದ ಬೆಂಬಲವಿಲ್ಲ. ಇಟಲಿಯಲ್ಲಿ ಪ್ರತಿ ಮನೆಯ ಒಂದು ಬಾತ್‌ರೂಮಿನಲ್ಲಾದರೂ ಬಿಡೆ ಇರಲೇಬೇಕೆಂದು 1975ರಲ್ಲಿ ಸರ್ಕಾರಿ ಆದೇಶವೇ ಆಗಿದೆ. ಬಿಡೆ ಎಂದರೆ ಕಮೋಡಿನ ಪಕ್ಕ ಕೂರಿಸಿದ, ನಲ್ಲಿಯಿರುವ ತಗ್ಗು ಬೋಗುಣಿ, ತೊಳೆದುಕೊಳ್ಳಲೆಂದೇ ಇರುವುದು. ಅದನ್ನು ಹುಟ್ಟಿಸಿದ ಫ್ರಾನ್ಸಿನವರು ಈಗ ಬಹುಮಟ್ಟಿಗೆ ಕೈಬಿಟ್ಟಿದ್ದಾರೆ, ಎರವಲು ಪಡೆದ ಇಟಲಿಯವರು ಬಿಟ್ಟಿಲ್ಲ. ಫಿನ್ಲೆಂಡಿನ ಮನೆಗಳಲ್ಲಿ ವಾಶ್‌ಬೇಸಿನ್ನಿನ ಪಕ್ಕ ಕೈಷವರು ನೇತಾಡುತ್ತಿರುತ್ತದೆ. ದುಬೈ, ಮಸ್ಕತ್, ದೋಹಾಗಳಿಗೆ ಹೋದ ಭಟ್ಕಳ, ಮಂಗಳೂರಿನವರಿಗೆ ಮಗ್ಗಿನ ಚಿಂತೆಯೇ ಇಲ್ಲ. ನೀರಿನಿಂದಲೇ ಶುದ್ಧಿ ಎನ್ನುವ ಆ ಸಮಾಜದಲ್ಲಿ ಪೆಟ್ರೋಲ್ ಬಂಕಿನ ಟಾಯ್ಲೆಟ್ಟಿನಲ್ಲೂ ಸ್ಪ್ರೇ ಇರುತ್ತದೆ. ಇನ್ನು ಜಪಾನು. ಅಮೆರಿಕದಲ್ಲಿ ರೋಗಿಗಳಿಗೆಂದು ತಯಾರಾಗಿದ್ದ ನೀರು ಚಿಮ್ಮುವ ಆಸನವೊಂದನ್ನು ಅಲ್ಲಿನ ಟೋಟೊ ಕಂಪನಿ 1960ರ ದಶಕದಲ್ಲಿ ಆಮದು ಮಾಡಿಕೊಂಡಿತು. ನೀರಿನ ಬಿಸಿಯೂ ಗುರಿಯೂ ಸರಿಯಿರಲಿಲ್ಲ. ತನ್ನ ನೌಕರರನ್ನೇ ಕೂರಿಸಿ ಅಳತೆ ತೆಗೆದು, ನೀರು 38 ಡಿಗ್ರಿ, ನಳಿಕೆಯ ಓರೆ 43 ಡಿಗ್ರಿ ಎಂದು ಗೊತ್ತುಮಾಡಿ, 1980ರಲ್ಲಿ ವಾಶ್ಲೆಟ್ ಎಂದು ಮಾರುಕಟ್ಟೆಗೆ ಬಿಟ್ಟಿತು. ಇಂದು ಜಪಾನಿನ ಹೆಚ್ಚಿನ ಮನೆಗಳಲ್ಲಿ ಇಂಥ ಆಸನವಿದೆ. ಆ ಆಸನ ತಯಾರಾಗಿದ್ದ ಅಮೆರಿಕ ಮಾತ್ರ ಕಾಗದಕ್ಕೇ ಅಂಟಿಕೊಂಡಿತು. 2020ರ ಮಾರ್ಚಿನಲ್ಲಿ ಕೊರೊನಾ ಭಯಕ್ಕೆ ಅಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಟಾಯ್ಲೆಟ್ ಪೇಪರಿನ ಕಪಾಟುಗಳು ಅಕ್ಕಿ ಬೇಳೆಯಂತೆಯೇ ಖಾಲಿಯಾದವು.

ಹಾಗಾಗಿ ತೊಳೆಯುವುದು ಒರೆಸುವುದು ಧರ್ಮ, ಚಳಿ, ಕೊಳಾಯಿ, ವ್ಯಾಪಾರ ಎಲ್ಲ ಸೇರಿ ಆಗುವ ಅಭ್ಯಾಸ. ಅಭ್ಯಾಸಕ್ಕೆ ತಕ್ಕಂತೆ ಕಟ್ಟಡ. ಯುರೋಪಿನ ಬಹಳಷ್ಟು ಬಾತ್‌ರೂಮುಗಳ ನೆಲದಲ್ಲಿ ನೀರು ಹೋಗಲು ತೂತೇ ಇರುವುದಿಲ್ಲ. ಊರಲ್ಲಿ ಮಾಡುವಂತೆ ಎರಡು ಬಕೆಟ್ ನೀರು ಸುರಿದು ಪೊರಕೆ ಹಿಡಿದರೆ ಆ ನೀರು ಇಳಿಯುವುದು ಕೆಳಗಿನ ಮನೆಯವರ ಚಾವಣಿಗೆ. ನಮ್ಮ ಒದ್ದೆ ನೆಲ ಅವರಿಗೆ ಕೊಳಕು, ಅವರ ಒಣ ಕಾಗದ ನಮಗೆ ಕೊಳಕು. ಇದು ತೀರುವ ಜಗಳವಲ್ಲ, ತೀರದಿದ್ದರೆ ನಷ್ಟವೂ ಇಲ್ಲ. ಅಮೆರಿಕದ ಆಫೀಸುಗಳಲ್ಲಿ ಟಾಯ್ಲೆಟ್ ಬಾಗಿಲಿನ ಕೆಳಗೆ ಒಂದಡಿ, ಪಕ್ಕದಲ್ಲಿ ಎರಡು ಬೆರಳಿನಷ್ಟು ಸಂದಿ ಬಿಟ್ಟಿರುತ್ತಾರೆ. ಒಳಗಿರುವವರು ಯಾರೆಂದು ಶೂ ನೋಡಿ ಹೇಳಬಹುದು. ಅತ್ತ ಜಪಾನಿನಲ್ಲಿ, ತಮ್ಮ ಸದ್ದು ಹೊರಗೆ ಕೇಳಬಾರದೆಂದು ಹೆಂಗಸರು ಮತ್ತೆ ಮತ್ತೆ ಫ್ಲಶ್ ಮಾಡಿ ನೀರು ಪೋಲಾಗುತ್ತದೆಂದು, ನೀರು ಹರಿಯುವ ಸದ್ದನ್ನಷ್ಟೇ ಹೊರಡಿಸುವ ಯಂತ್ರವನ್ನು 1988ರಲ್ಲಿ ಗೋಡೆಗೆ ಹಾಕಿದರು. ನಾಚಿಕೆ ಎಲ್ಲೆಲ್ಲಿ ಇರಬೇಕೆಂಬ ಬಗ್ಗೆ ಮನುಷ್ಯರಲ್ಲಿ ಒಮ್ಮತವಿಲ್ಲ ಅಷ್ಟೆ.

ನನಗೆ ನಿಜವಾದ ಪ್ರಶ್ನೆ ಎದುರಾದದ್ದು ಜರ್ಮನಿಯಲ್ಲಿ. ಅಲ್ಲಿನ ಹಳೆಯ ಮನೆಗಳ ಕಮೋಡಿನ ವಿನ್ಯಾಸ ನೋಡಿದವರು ಮರೆಯಲಾರರು. ನಮ್ಮಲ್ಲಿ ನೀರಿರುವ ಜಾಗದಲ್ಲಿ ಅಲ್ಲಿ ಪಿಂಗಾಣಿಯ ಒಂದು ಒಣ ಜಗಲಿ. ವಿಸರ್ಜಿಸಿದ್ದು ಆ ಜಗಲಿಯ ಮೇಲೆ ನಿಂತೇ ಇರುತ್ತದೆ. ಎದ್ದವರು ತಿರುಗಿ ನೋಡಿ, ಆರೋಗ್ಯ ಸರಿಯಿದೆಯೇ, ಹುಳ ಇದೆಯೇ, ರಕ್ತ ಇದೆಯೇ ಎಂದು ಪರೀಕ್ಷಿಸಿಕೊಳ್ಳಲು ಅನುಕೂಲ ಎನ್ನುತ್ತಾರೆ. ಫ್ಲಶ್ ಒತ್ತಿದರೆ ನೀರು ಅದನ್ನು ಮುಂದಕ್ಕೆ ತಳ್ಳುತ್ತದೆ, ಪೂರ್ತಿ ತಳ್ಳುವುದಿಲ್ಲ. ಉಳಿದ ಗುರುತನ್ನು ತೆಗೆಯಲು ಪಕ್ಕದಲ್ಲೇ, ಮೂಲೆಯಲ್ಲಿ, ಒಂದು ಡಬ್ಬಿಯೊಳಗೆ ಬ್ರಷ್ಷು ನಿಂತಿರುತ್ತದೆ. ಮನೆಯಲ್ಲೂ ಇರುತ್ತದೆ, ಕಚೇರಿಯಲ್ಲೂ ಇರುತ್ತದೆ. ಬಳಸಿದವರು ಉಜ್ಜಿ, ಮತ್ತೊಮ್ಮೆ ಫ್ಲಶ್ ಮಾಡಿ, ಬ್ರಷ್ಷನ್ನು ಅಲ್ಲೇ ತೊಳೆದಿಟ್ಟು ಬರಬೇಕು. ಮ್ಯಾನೇಜರ್ ಆದರೂ ಅಷ್ಟೇ, ಇಂಟರ್ನ್ ಆದರೂ ಅಷ್ಟೇ. ಎಷ್ಟೋ ಮನೆಗಳಲ್ಲಿ ಗಂಡಸರೂ ಕೂತೇ ಮೂತ್ರ ಮಾಡಬೇಕೆಂಬ ಚೀಟಿಯೂ ಗೋಡೆಯ ಮೇಲಿರುತ್ತದೆ, ಏಕೆಂದರೆ ನೆಲ ಒರೆಸುವ ಪಾಳಿ ನಾಳೆ ಇನ್ನೊಬ್ಬರದು. (ನಿಂತು ಮಾಡುವ ಹಕ್ಕಿಗಾಗಿ ಬಾಡಿಗೆದಾರನೊಬ್ಬ ಕೋರ್ಟಿಗೆ ಹೋದದ್ದೂ ಉಂಟು. ಅಮೃತಶಿಲೆಯ ನೆಲ ಹಾಳಾಯಿತೆಂದು ಮಾಲೀಕ ಮುಂಗಡದ ಹಣ ಹಿಡಿದಿದ್ದ. 2015ರಲ್ಲಿ ಡ್ಯೂಸೆಲ್ಡಾರ್ಫಿನ ನ್ಯಾಯಾಲಯ ಬಾಡಿಗೆದಾರನ ಪರವಾಗಿಯೇ ತೀರ್ಪು ಕೊಟ್ಟಿತು.)

ಹಲವರು ಸೇರಿ ಇರುವ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯ ಫ್ರಿಜ್ಜಿಗೆ ಒಂದು ಪಟ್ಟಿ ಅಂಟಿಸಿರುತ್ತಾರೆ: ಈ ವಾರ ಕಸ ಯಾರದು, ಅಡುಗೆಮನೆ ಯಾರದು, ಟಾಯ್ಲೆಟ್ ಯಾರದು. ನಾನಿದ್ದ ಮನೆಗೆ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದು ಸೇರಿಕೊಂಡ. ಬುದ್ಧಿವಂತ, ಸಂಕೋಚದವನು, ಯಾರ ಕೆಲಸಕ್ಕೂ ಇಲ್ಲ ಎಂದವನಲ್ಲ. ಪಟ್ಟಿಯಲ್ಲಿ ತನ್ನ ಹೆಸರು ಟಾಯ್ಲೆಟ್ಟಿನ ಸಾಲಿಗೆ ಬಂದ ದಿನ ನನ್ನ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದ: "ಸರ್, ಬೇಕಾದ್ರೆ ಎರಡು ವಾರ ಎಲ್ರಿಗೂ ನಾನೇ ಅಡ್ಗೆ ಮಾಡ್ತೀನಿ. ಅದೊಂದು ಬಿಡ್ಸಿಕೊಡಿ." ಬಿಡಿಸಿಕೊಡಲು ಅದು ನನ್ನ ಕೈಯಲ್ಲಿರಲಿಲ್ಲ. ರಾತ್ರಿ ಅವನು ವಿಡಿಯೊ ಕಾಲಿನಲ್ಲಿ ಮನೆಗೆ ಹೇಳಿಕೊಂಡದ್ದೂ, ಆ ಕಡೆಯಿಂದ ಅವನ ತಾಯಿ "ಅಯ್ಯೋ, ಅಷ್ಟು ಓದಿ ಅಲ್ಲಿಗೆ ಹೋಗಿ ಅದನ್ನೂ ಮಾಡ್ಬೇಕೇನೋ?" ಎಂದು ಕಣ್ಣೊರೆಸಿಕೊಂಡದ್ದೂ ಪಕ್ಕದ ಕೋಣೆಗೆ ಕೇಳಿಸಿತು.

ಆ ತಾಯಿಯ ಮಾತಿನಲ್ಲಿ ಗಲೀಜಿನ ಭಯವಿರಲಿಲ್ಲ. ಮಗುವಿನ ಬಟ್ಟೆ ತೊಳೆದ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡ ಯಾವ ಹೆಂಗಸಿಗೂ ಮಲ ಎಂದರೆ ಏನೆಂದು ಗೊತ್ತು. ಅವರನ್ನು ಕಾಡಿದ್ದು ಬೇರೆ: ಅದು ಇನ್ನೊಬ್ಬರ ಕೆಲಸ, ಆ ಇನ್ನೊಬ್ಬರು ಯಾರೆಂಬುದು ಹುಟ್ಟಿನಿಂದಲೇ ಗೊತ್ತುಮಾಡಿ ಇಟ್ಟಿದ್ದು, ನನ್ನ ಮಗ ಆ ಇನ್ನೊಬ್ಬನಾಗಿಬಿಟ್ಟನೇ ಎಂಬ ದಿಗಿಲು. ಮಗ್ಗು ತೆಗೆದುಕೊಂಡು ಹೋಗುವ ನಾವು ಈ ದಿಗಿಲನ್ನೂ ಜತೆಗೇ ಹೊತ್ತುಕೊಂಡು ಹೋಗುತ್ತೇವೆ.

ಇದು ಇವತ್ತಿನ ಸಾಫ್ಟ್‌ವೇರ್ ಹುಡುಗರ ಸಮಸ್ಯೆಯಷ್ಟೇ ಅಲ್ಲ. ಪರದೇಶದಲ್ಲಿ ಭಾರತೀಯರ ಮನೆಯೊಂದರಲ್ಲಿ ನಡೆದ ಅತಿ ಪ್ರಸಿದ್ಧ ಶೌಚಾಲಯ ಜಗಳ 1898ರದು, ಡರ್ಬನ್ನಿನದು. ಗಾಂಧಿಯವರು ಅಲ್ಲಿ ವಕೀಲರಾಗಿದ್ದ ಕಾಲ. ಯುರೋಪಿನ ಮಾದರಿಯಲ್ಲಿ ಕಟ್ಟಿದ ಮನೆ. ಕೋಣೆಗಳಿಂದ ಕೊಳೆನೀರು ಹೋಗಲು ದಾರಿಯಿರಲಿಲ್ಲ, ಕೋಣೆಗೊಂದು ಮೂತ್ರದ ಪಾತ್ರೆ. ಮನೆಯಲ್ಲೇ ಉಳಿದಿದ್ದ ಗುಮಾಸ್ತರಲ್ಲಿ ಕೆಲವರು ತಮ್ಮದನ್ನು ತಾವೇ ತೊಳೆದುಕೊಳ್ಳುತ್ತಿದ್ದರು, ಉಳಿದವರದನ್ನು ಗಂಡಹೆಂಡಿರು ತೊಳೆಯುತ್ತಿದ್ದರು. ಪಂಚಮ ತಂದೆತಾಯಿಗಳಿಗೆ ಹುಟ್ಟಿದ ಕ್ರೈಸ್ತ ಗುಮಾಸ್ತನೊಬ್ಬ ಹೊಸದಾಗಿ ಬಂದಾಗ ಅವನ ಪಾತ್ರೆ ಕಸ್ತೂರಬಾ ಅವರಿಗೆ ತಡೆಯದಾಯಿತು. ಕಣ್ಣೀರು ಹಾಕುತ್ತ ಮೆಟ್ಟಿಲಿಳಿದರು. ನಗುನಗುತ್ತ ಮಾಡಬೇಕೆಂದು ಗಂಡ ಕೂಗಾಡಿದರು, ಕೈಹಿಡಿದು ಎಳೆದುಕೊಂಡು ಹೋಗಿ ಗೇಟಿನ ಹೊರಗೆ ದೂಡಲು ಹೊರಟರು. ಇದನ್ನೆಲ್ಲ ನಾಚಿಕೆಯಿಂದ ಆತ್ಮಕಥೆಯಲ್ಲಿ ಬರೆದುಕೊಂಡವರೂ ಅವರೇ. ಮೂರು ವರ್ಷದ ಮೇಲೆ, 1901ರ ಕಲ್ಕತ್ತ ಕಾಂಗ್ರೆಸ್ಸಿನಲ್ಲಿ ಪಾಯಿಖಾನೆಗಳ ಸ್ಥಿತಿ ನೋಡಿ ಸ್ವಯಂಸೇವಕರಿಗೆ ತೋರಿಸಿದಾಗ, ಅದು ಜಾಡಮಾಲಿಯ ಕೆಲಸ ಎಂಬ ಉತ್ತರ ಬಂತು. ಪೊರಕೆ ಕೇಳಿ ಪಡೆದು ತಾವೇ ಗುಡಿಸಿದರು, ತಮ್ಮ ಬಳಕೆಗೆ ಬೇಕಾದಷ್ಟನ್ನು ಮಾತ್ರ. ಡರ್ಬನ್ನಿನ ಘಟನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಗಾಂಧಿಯವರ ಆದರ್ಶವಲ್ಲ. ಆ ಆದರ್ಶದ ಭಾರವೂ ಹೆಂಡತಿಯ ಕೈಗೇ ಬಿದ್ದದ್ದು, ಮತ್ತು ಅಷ್ಟೂ ಪಾತ್ರೆಗಳಲ್ಲಿ ಅಡ್ಡಬಂದದ್ದು ಪಂಚಮರ ಮಗನ ಪಾತ್ರೆಯೊಂದೇ ಎಂಬುದು.

ನಮ್ಮ ಊರುಗಳ ನಕ್ಷೆಯಲ್ಲೇ ಇದು ಇದೆ. ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಅಂಗಡಿ ಹಾಕುತ್ತಾರೆ. ಒಳಚರಂಡಿ ಬರುವ ಮುಂಚೆ ಅದು ಮಲ ಹೊರುವವರು ಬಂದುಹೋಗುವ ದಾರಿಯಾಗಿತ್ತು. ಮುಂಬಾಗಿಲಿನವರಿಗೆ ಅವರ ಮುಖ ಕಾಣಬಾರದೆಂದು ಊರು ಕಟ್ಟುವಾಗಲೇ ಮಾಡಿದ ಏರ್ಪಾಡು. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆದರೂ ಕೆಜಿಎಫ್‌ನಲ್ಲಿ ಒಣ ಪಾಯಿಖಾನೆಗಳು ಉಳಿದಿದ್ದವು. ಅದೇ ಕೆಲಸದ ಮನೆತನದಲ್ಲಿ ಅಲ್ಲೇ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವುಗಳ ವಿರುದ್ಧ ಹೋರಾಟ ಶುರುಮಾಡಿ ಅದನ್ನು ದೇಶಕ್ಕೆಲ್ಲ ಒಯ್ದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೇಂದ್ರದಲ್ಲಿ 1993ರಲ್ಲೊಂದು, 2013ರಲ್ಲೊಂದು ಕಾನೂನಾದವು. ಮ್ಯಾನ್‌ಹೋಲಿಗೆ ಇಳಿದವರು ಉಸಿರುಕಟ್ಟಿ ಸತ್ತ ಸುದ್ದಿ ಇವತ್ತಿಗೂ ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇದೆ.

2014ರ ನಂತರ ಹಳ್ಳಿಗಳಲ್ಲಿ ಕಟ್ಟಿದ ಶೌಚಾಲಯಗಳ ಕಥೆಯೂ ಇದೇ ಗಂಟಿಗೆ ಬಂದು ಸಿಕ್ಕಿಕೊಂಡಿತು. ಸರ್ಕಾರ ಶಿಫಾರಸು ಮಾಡಿದ್ದು ಅವಳಿ ಗುಂಡಿಯ ವಿನ್ಯಾಸ. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು; ಮೊದಲನೆಯದನ್ನು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಗೊಬ್ಬರದ ಮಣ್ಣಾಗುತ್ತದೆ, ಮನೆಯವರೇ ಗುದ್ದಲಿಯಲ್ಲಿ ತೆಗೆದು ಹೊಲಕ್ಕೆ ಹಾಕಬಹುದು. ಅಗ್ಗ, ಸುರಕ್ಷಿತ. ಉತ್ತರ ಭಾರತದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ 2017ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದು: ಜನರನ್ನು ಶೌಚಾಲಯದಿಂದ ದೂರವಿಟ್ಟದ್ದು ಬಡತನವಾಗಲಿ ನೀರಿನ ಅಭಾವವಾಗಲಿ ಅಲ್ಲ, ಗುಂಡಿ ತುಂಬಿದ ಮೇಲೆ ತೆಗೆಯುವವರು ಯಾರು ಎಂಬ ಹೆದರಿಕೆ. ಅದಕ್ಕೇ ಕೈಲಾದವರು ಕೋಣೆಯಷ್ಟು ದೊಡ್ಡ ಗುಂಡಿ ತೋಡಿಸುತ್ತಾರೆ, ತಮ್ಮ ಕಾಲದಲ್ಲಿ ತುಂಬದಿರಲಿ ಎಂದು. ಆಗದವರು ಬಯಲಿಗೇ ಹೋಗುತ್ತಾರೆ. ಮಣ್ಣಾದ ಮೇಲೂ ಮುಟ್ಟಲಾರೆವು ಎಂದಮೇಲೆ ಅಲ್ಲಿ ಅಂಟಿಕೊಂಡಿರುವುದು ರೋಗಾಣುವಲ್ಲ.

ಇಲ್ಲಿ ಒಬ್ಬ ಜಾಣ ಓದುಗ ನನ್ನನ್ನು ತಡೆದು ಕೇಳಬೇಕು: ಅಲ್ಲೇನು ಎಲ್ಲರೂ ತಮ್ಮದನ್ನು ತಾವೇ ತೊಳೆಯುತ್ತಾರೆಯೇ? ಇಲ್ಲ. ಜರ್ಮನಿಯ ರೈಲ್ವೆ ನಿಲ್ದಾಣದ, ದೊಡ್ಡ ಅಂಗಡಿಗಳ ಟಾಯ್ಲೆಟ್ ಬಾಗಿಲಲ್ಲಿ ತಟ್ಟೆಯಲ್ಲಿ ಚಿಲ್ಲರೆ ಇಟ್ಟುಕೊಂಡು ಕೂತ ಹೆಂಗಸು ಹೆಚ್ಚಾಗಿ ಹೊರದೇಶದಿಂದ ಬಂದವಳೇ. ಗಲ್ಫಿನ ಮಾಲುಗಳಲ್ಲಿ ವೈಪರ್ ಹಿಡಿದವರು ನೇಪಾಳಿಗಳು, ಬಾಂಗ್ಲಾದೇಶಿಗಳು, ನಮ್ಮವರು. ಊರಿಗೆ ಬಂದಾಗ ಅವರು "ಮಾಲಿನಲ್ಲಿ ಕೆಲಸ" ಎನ್ನುತ್ತಾರೆ, ಎಂಥ ಕೆಲಸ ಎಂದು ಬಿಡಿಸಿ ಹೇಳುವುದಿಲ್ಲ. ಬಡವರಿಗೆ ಕೊಳಕು ಕೆಲಸ ಎಂಬ ನಿಯಮ ಪ್ರಪಂಚದ ತುಂಬ ಇದೆ, ಪಶ್ಚಿಮವನ್ನು ಸಮಾನತೆಯ ಮಾದರಿ ಎಂದು ಎತ್ತಿ ಹಿಡಿಯುವುದು ನನ್ನ ಉದ್ದೇಶವಲ್ಲ. ಆದರೆ ವ್ಯತ್ಯಾಸ ಇದೆ. ಆ ತಟ್ಟೆಯ ಹೆಂಗಸಿನ ಮಗಳು ಬ್ಯಾಂಕಿಗೆ ಸೇರಿದರೆ ಅವಳನ್ನು ಯಾರೂ ಬ್ಯಾಂಕಿನ ಟಾಯ್ಲೆಟ್ ತೊಳೆಯಲು ಕಳಿಸುವುದಿಲ್ಲ. ಬ್ಯಾಂಕಿನವರು ಸಂಜೆ ತಮ್ಮ ಮನೆಗೆ ಹೋಗಿ ತಮ್ಮ ಕಮೋಡನ್ನು ತಾವೇ ಉಜ್ಜುತ್ತಾರೆ. ಕೆಲಸ ಕೀಳು ಸಂಬಳದ್ದಾಗಿರಬಹುದು. ಅದು ಮೈಗೆ ಅಂಟಿದ ಜಾತಿಯಲ್ಲ.

ತೊಳೆಯುವ ಖರ್ಚು ಯಾರದು ಎಂಬುದನ್ನು ಸಮಾಜ ಬಗೆಹರಿಸಿಕೊಳ್ಳದಿದ್ದರೆ ಶ್ರೀಮಂತ ದೇಶದಲ್ಲೂ ಶೌಚಾಲಯ ಮಾಯವಾಗುತ್ತದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ನಾಣ್ಯ ಹಾಕಿದರಷ್ಟೇ ತೆರೆಯುವ ಟಾಯ್ಲೆಟ್ಟುಗಳು ಎಲ್ಲೆಡೆ ಇದ್ದವು. ಗಂಡಸರು ನಿಂತು ಮಾಡುವುದು ಉಚಿತ, ಹೆಂಗಸರಿಗೆ ಬಾಗಿಲು ತೆರೆಯಬೇಕಾದರೆ ದುಡ್ಡು. 1969ರಲ್ಲಿ ಕ್ಯಾಲಿಫೋರ್ನಿಯಾದ ಶಾಸಕಿ ಮಾರ್ಚ್ ಫಾಂಗ್ ಯು ಶಾಸನಭವನದ ಮೆಟ್ಟಿಲ ಮೇಲೆ ಎಲ್ಲರೆದುರು ಒಂದು ಕಮೋಡನ್ನೇ ಒಡೆದು ಚೂರು ಮಾಡಿ ಇದನ್ನು ಪ್ರತಿಭಟಿಸಿದರು. ಮುಂದಿನ ದಶಕದಲ್ಲಿ ಒಂದೊಂದೇ ನಗರ, ರಾಜ್ಯ ಆ ಬೀಗಗಳನ್ನು ನಿಷೇಧಿಸಿದವು. ನ್ಯಾಯವಾದ ಗೆಲುವೇ. ಆದರೆ ಬೀಗದ ಬದಲು ತೊಳೆಯುವ ಹಣ ಎಲ್ಲಿಂದ ಬರಬೇಕೆಂದು ಯಾರೂ ನಿರ್ಧರಿಸಲಿಲ್ಲ. ಇವತ್ತು ಅಲ್ಲಿನ ದೊಡ್ಡ ನಗರಗಳಲ್ಲಿ ಅವಸರವಾದವರು ಕಾಫಿ ಅಂಗಡಿ ಹುಡುಕಬೇಕು. ಪ್ಯಾರಿಸ್ಸಿನಲ್ಲಿ 2006ರಿಂದ ಬೀದಿಬದಿಯ ಶೌಚಾಲಯಗಳು ಪುಕ್ಕಟೆ, ಒಬ್ಬರು ಹೊರಬಂದ ಕೂಡಲೇ ಬಾಗಿಲು ಮುಚ್ಚಿಕೊಂಡು ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ, ಖರ್ಚು ಊರಿನದು. ನಮ್ಮ ಬಸ್ ನಿಲ್ದಾಣಗಳಲ್ಲಿ ಹೆಂಗಸರ ಕೈಯಿಂದ ಐದು ರೂಪಾಯಿ ಕೀಳುವ ಮೇಜಿನವನಿಗೆ ಮಾರ್ಚ್ ಫಾಂಗ್ ಯು ಅವರ ಸುತ್ತಿಗೆ ಇನ್ನೂ ತಲುಪಿಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು ಎಂದರೆ ಜಪಾನನ್ನು ತೋರಿಸುವವರು ಬಹಳ. ಅಲ್ಲಿ ಶಾಲೆಯ ಮಕ್ಕಳು ದಿನವೂ ತರಗತಿ, ಮೊಗಸಾಲೆ ಗುಡಿಸಿ ಒರೆಸುತ್ತಾರೆ, ಎಷ್ಟೋ ಶಾಲೆಗಳಲ್ಲಿ ಟಾಯ್ಲೆಟ್ಟನ್ನೂ. ನೋಡಿ ಬಂದವರು ನಮ್ಮ ಶಾಲೆಗಳಲ್ಲೂ ಹೀಗೆ ಮಾಡಿಸಿ ಎಂದು ಉತ್ಸಾಹದಿಂದ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಾಗಿ ರಾಜ್ಯವೇ ತಲೆತಗ್ಗಿಸಿತು. ಜಪಾನಿನಲ್ಲಿ ಪಾಳಿ ಎಂದರೆ ಪಾಳಿ. ನಮ್ಮ ಶಾಲೆಯಲ್ಲಿ ಪಾಳಿಯ ಪಟ್ಟಿ ಬರೆಯುವ ಮೇಷ್ಟರ ಪೆನ್ನು ಯಾವ ಹೆಸರುಗಳ ಕಡೆಗೆ ವಾಲುತ್ತದೆಂದು ನಮಗೆ ಚೆನ್ನಾಗಿ ಗೊತ್ತು. ಮೇಲಿನವರು ಬ್ರಷ್ಷು ಹಿಡಿಯುವುದನ್ನು ನೋಡದೆ ಬೆಳೆದ ಊರಿನಲ್ಲಿ ಮಕ್ಕಳಿಂದ ಆರಂಭಿಸಿದರೆ ಅದು ಶಿಸ್ತಾಗುವುದಿಲ್ಲ, ಶಿಕ್ಷೆಯಾಗುತ್ತದೆ, ಅದೂ ಆಯ್ದ ಮಕ್ಕಳಿಗೆ.

ಆರಂಭವಾಗಬೇಕಾದ್ದು ವಯಸ್ಕರಿಂದ, ಅದರಲ್ಲೂ ಪರದೇಶದಲ್ಲಿ ಈಗಾಗಲೇ ಬ್ರಷ್ಷು ಹಿಡಿದು ಬಂದವರಿಂದ. ಮ್ಯೂನಿಕ್ಕಿನಲ್ಲಿ ಮೂರು ವರ್ಷ ತನ್ನ ಕಮೋಡು ತಾನೇ ಉಜ್ಜಿದ ಎಂಜಿನಿಯರ್ ಬೆಂಗಳೂರಿನ ಟೆಕ್ ಪಾರ್ಕಿಗೆ ವಾಪಸಾದ ಮರುದಿನವೇ ಹೇಗಿತ್ತೋ ಹಾಗೆ ಬಿಟ್ಟು ಎದ್ದುಬರುತ್ತಾನೆ. ಬಾಗಿಲ ಹಿಂದೆ ಗಂಟೆಗೊಂದು ಸಹಿಯ ಹಾಳೆ ನೇತಾಡುತ್ತಿದೆ, ಸಮವಸ್ತ್ರದ ಹೌಸ್‌ಕೀಪಿಂಗ್ ಹೆಂಗಸು ಹೊರಗೆ ಕಾದು ನಿಂತಿದ್ದಾಳೆ, ಇನ್ನೇನು ಬೇಕು? ಅವನಿಗೆ ಕೈ ಬರುವುದಿಲ್ಲ ಎನ್ನುವಂತಿಲ್ಲ, ಬಂದಿತ್ತು. ಇಲ್ಲಿ ಅಗತ್ಯವಿಲ್ಲ ಎನ್ನುವುದನ್ನು ಸುತ್ತಲಿನ ವ್ಯವಸ್ಥೆ ಅವನಿಗೆ ಹೇಳದೆಯೇ ಹೇಳುತ್ತದೆ. ಮನೆಯಲ್ಲೂ ಅಷ್ಟೇ. ಜರ್ಮನಿಯಿಂದ ಬಂದವರ ಅಪಾರ್ಟ್‌ಮೆಂಟಿನಲ್ಲಿ ಇಟಾಲಿಯನ್ ಮಾರ್ಬಲ್, ಜಪಾನಿ ಆಸನ, ಜೆಟ್ ಸ್ಪ್ರೇ ಎಲ್ಲ ಇರುತ್ತದೆ. ಉಜ್ಜುವುದು ಮನೆಕೆಲಸದವಳು, ಅದಕ್ಕೆ ತಿಂಗಳಿಗೆ ಇಷ್ಟು ಎಂದು ಬೇರೆ ಲೆಕ್ಕ. ಆಕೆ ಬೆಳಗ್ಗೆ ಏಳರಿಂದ ನಾಲ್ಕೈದು ಮನೆ ಸುತ್ತುತ್ತಾಳೆ, ದಿನಕ್ಕೆ ಎಂಟೊಂಬತ್ತು ಕಮೋಡು ತೊಳೆಯುತ್ತಾಳೆ, ಅವುಗಳಲ್ಲಿ ಒಂದರ ಮೇಲೂ ಕೂರುವಂತಿಲ್ಲ. ಅವಸರವಾದರೆ ಬೇಸ್‌ಮೆಂಟಿನಲ್ಲಿ ಡ್ರೈವರುಗಳಿಗೆಂದು ಇರುವ, ಚಿಲಕವಿಲ್ಲದ ಒಂದು. ಅದೂ ಇಲ್ಲದ ಕಡೆ ಮಧ್ಯಾಹ್ನದವರೆಗೆ ನೀರು ಕುಡಿಯದೆ ಇರುವುದೇ ಉಪಾಯ.

ನಾವು ತೊಳೆದುಕೊಳ್ಳುವವರು, ಅವರು ಒರೆಸಿಕೊಳ್ಳುವವರು ಎಂದು ನಗುವವರಿಗೆ ನನ್ನ ಕೋರಿಕೆ ಚಿಕ್ಕದು. ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ, ಸಿಸಿಟಿವಿ ಮತ್ತು ಬೀದಿನಾಯಿಯ ವಿಷಯ ಮುಗಿದ ಮೇಲೆ, ನೆಲಮಹಡಿಯಲ್ಲಿ ಕೆಲಸದ ಹೆಂಗಸರಿಗೆ ಚಿಲಕವಿರುವ, ನೀರಿರುವ, ಕಸದ ಬುಟ್ಟಿಯಿರುವ ಒಂದು ಟಾಯ್ಲೆಟ್ ಕಟ್ಟಿಸುವ ಮಾತೆತ್ತಿ. ಜಾಗವಿಲ್ಲ ಎಂದರೆ ನಿಮ್ಮ ಮನೆಯದನ್ನೇ ಬಳಸಲು ಹೇಳಿ. ಅದಕ್ಕೆ ಒಪ್ಪದವರು ಏಕೆ ಒಪ್ಪುವುದಿಲ್ಲವೆಂದು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಲಿ. ಕಾರಣ ಶುಚಿತ್ವವೇ ಆಗಿದ್ದರೆ, ಆ ಶೌಚಾಲಯವನ್ನು ದಿನವೂ ಶುಚಿ ಮಾಡುತ್ತಿರುವವರು ಯಾರೆಂಬುದನ್ನೂ ಅದರ ಪಕ್ಕದಲ್ಲೇ ಬರೆಸಲಿ.